ಸುಮ್ಮನಿದ್ದರೆ ಪಾಸು

ನಾವು ಕರುಳು ತೊಳೆಯುವವರು. ಕಸಾಯಿಖಾನೆಯಲ್ಲಿ ಕತ್ತಿ ಹಿಡಿಯುವುದು ಗಂಡಸರು. ಅವರು ಮೇಕೆಯ ಹೊಟ್ಟೆ ಸೀಳಿ, ಒಳಗಿದ್ದುದನ್ನೆಲ್ಲ ಬಾಚಿ ಬಾನಿಗೆ ಎಸೆಯುತ್ತಾರೆ. ಅಲ್ಲಿಂದಾಚೆಗೆ ಹೆಂಗಸರ ಕೆಲಸ. ಕರುಳನ್ನು ಬೆರಳ ಸಂದಿಯಲ್ಲಿ ಹಿಡಿದು ಹಿಂಡುತ್ತ ಹೊಲಸು ತೆಗೆಯಬೇಕು. ಹೊಟ್ಟೆಚೀಲ ಮಗುಚಿ ಕೆರೆಯಬೇಕು. ಗರ್ಭಚೀಲ ಕೊಯ್ದು ಬೇರೆ ಮಾಡಬೇಕು, ಒಳಗೆ ಮರಿ ಇದ್ದರೆ ತೆಗೆದು ಪಕ್ಕಕ್ಕಿಡಬೇಕು. ಎಲ್ಲ ಬರಿಗೈಯಲ್ಲಿ. ಸಂಜೆಯ ಹೊತ್ತಿಗೆ ಬೆರಳು ಮಡಚಲು ಬರುವುದಿಲ್ಲ. ಉಗುರಿನ ಬುಡ ಬಿರಿದು, ಬಿರಿದಲ್ಲಿ ಹೊಲಸು ಇಳಿದು, ಕೈ ನೋಡಿದರೆ ನನಗೇ ಹೇಸಿಗೆ. ಅಂಗಡಿಯಲ್ಲಿ ದುಡ್ಡು ಕೊಡುವಾಗ ನಾನು ಕೈಗೆ ಕೊಡುವುದಿಲ್ಲ, ಕಟ್ಟೆಯ ಮೇಲೆ ಇಡುತ್ತೇನೆ. ಅಂಗಡಿಯವನು ಹೇಳುವ ಮೊದಲೇ ಇಡುತ್ತೇನೆ.

ವಾಸನೆಯದು ಬೇರೆ ಕಥೆ. ಎಷ್ಟು ಸೋಪು ಸವೆಸಿದರೂ ಅದು ಕೂದಲ ಬುಡದಲ್ಲಿ ಕೂತಿರುತ್ತದೆ. ಬಸ್ಸಿನಲ್ಲಿ ನಮ್ಮ ಮುಂದಿನ ಸೀಟೂ ಖಾಲಿ, ಹಿಂದಿನ ಸೀಟೂ ಖಾಲಿ. ನಿಂತೇ ಹೋಗುತ್ತಾರೆ ಹೊರತು ಕೂರುವುದಿಲ್ಲ. "ನೋಡಿ ಅತ್ತಿಗೆ, ಮಂತ್ರಿಗಳಿಗೂ ಇಷ್ಟು ಜಾಗ ಬಿಡಲ್ಲ," ಎಂದು ನನ್ನ ನಾದಿನಿ ಕಾಲು ಚಾಚಿಕೊಂಡು ನಗುತ್ತಿದ್ದಳು. ಅವಳು ನನ್ನ ಗಂಡನ ತಂಗಿ. ಬಾನಿಯ ಈ ಕಡೆ ನಾನು, ಆ ಕಡೆ ಅವಳು. ಅವಳಿಗೆ ನಗು ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ. ನಾನು ಕಿಟಕಿಯ ಆಚೆ ನೋಡುತ್ತ ಕೂರುತ್ತಿದ್ದೆ, ಕಿವಿ ಬಿಸಿಯಾಗಿರುತ್ತಿತ್ತು.

ಇಂಥ ನಮ್ಮ ಹತ್ತಿರಕ್ಕೆ ಆ ಡಾಕ್ಟ್ರಮ್ಮ ಬಂದಳು. ಬಂದವಳು ಮೂಗು ಮುಚ್ಚಲಿಲ್ಲ. ಅಷ್ಟಕ್ಕೇ ನಾನು ಸೋತುಹೋದೆ.

ಚಿಕ್ಕ ವಯಸ್ಸಿನವಳು. ರಬ್ಬರ್ ಬೂಟು, ನೀಲಿ ಗ್ಲೌಸು. ಜೊತೆಗೆ ಒಬ್ಬ ಸಹಾಯಕ, ಭುಜಕ್ಕೆ ಐಸಿನ ಪೆಟ್ಟಿಗೆ, ಕೈಯಲ್ಲಿ ಒಂದು ಇಕ್ಕಳ. ಕಸಾಯಿಖಾನೆಯ ಹಿಂದೆ ಅದರ ಮಾಲೀಕರ, ಅಂದರೆ ನಮಗೆ ಕೂಲಿ ಕೊಡುವ ಯಜಮಾನರ ಮೇಕೆ ಕೊಟ್ಟಿಗೆ ಇದೆ. ಹಾಲಿಗೆ, ಮರಿಗೆ ಅಂತ ಸಾಕಿದ ಮೇಕೆಗಳು. ಆ ಸಹಾಯಕ ಒಂದೊಂದರ ಕಿವಿಗೂ ಇಕ್ಕಳದಿಂದ ನಂಬರಿನ ಹಳದಿ ಬಿಲ್ಲೆ ಹೊಡೆದು, ರಕ್ತ ತೆಗೆದ. ನಾವು ಅವನಿಗೆ ಬಿಲ್ಲೆಯಪ್ಪ ಅಂತ ಹೆಸರಿಟ್ಟೆವು. ಆಮೇಲೆ ಅವನು ನಮ್ಮ ಬಾನಿಯ ನೀರು ಹರಿದುಹೋಗುವ ಮೋರಿಗೆ ಬಗ್ಗಿ ಒಂದು ಬಾಟಲಿ ತುಂಬಿಕೊಂಡ. ಕೊನೆಗೆ ನಮ್ಮ ಸರದಿ.

"ಪ್ರಾಣಿಗಳಿಂದ ಮನುಷ್ಯರಿಗೆ ಹರಡೋ ಕಾಯಿಲೆ ಮೇಲೆ ನಾವು ಸಂಶೋಧನೆ ಮಾಡ್ತಿದೀವಿ ಅಕ್ಕಾ," ಎಂದಳು ಡಾಕ್ಟ್ರಮ್ಮ. "ಮನುಷ್ಯರು, ಪ್ರಾಣಿಗಳು, ಈ ನೀರು, ನೆಲ. ಇವುಗಳ ಆರೋಗ್ಯ ಬೇರೆ ಬೇರೆ ಅಲ್ಲ. ಎಲ್ಲಾ ಒಂದೇ."

"ಮೇಕೆನೂ ನಾನೂ ಒಂದೇನಾ?" ಎಂದಳು ನಾದಿನಿ. "ಇದನ್ನ ನನ್ನ ಅತ್ತೆ ಯಾವತ್ತೋ ಹೇಳಿದಾರೆ ಬಿಡಿ."

ಎಲ್ಲರೂ ನಕ್ಕರು. ಡಾಕ್ಟ್ರಮ್ಮನೂ ನಕ್ಕಳು. ಆದರೆ ತೋಳು ಕೊಡಲು ಯಾರೂ ಮುಂದೆ ಬರಲಿಲ್ಲ. ಅವಳು ನನ್ನ ಕಡೆ ನೋಡಿದಳು. ಬಾನಿಯ ಹೆಂಗಸರಲ್ಲಿ ನಾನು ಹಳಬಳು. ನಾನು ಕೂತರೆ ಉಳಿದವರು ಕೂರುತ್ತಾರೆ ಎಂದು ಯಾರೋ ಹೇಳಿರಬೇಕು.

"ಅಕ್ಕಾ, ನೀವು ಮೊದಲು ಬನ್ನಿ. ನಿಮ್ಮನ್ನ ನೋಡಿ ಎಲ್ಲರಿಗೂ ಧೈರ್ಯ ಬರತ್ತೆ."

ಅಷ್ಟು ಓದಿದವಳು ಅಕ್ಕಾ ಅಂದಳು. ನಾನು ಉಬ್ಬಿಹೋದೆ. ಕೂತು ತೋಳು ಚಾಚಿದೆ. ಅವಳು ನನ್ನ ಮೊಣಕೈ ಹಿಡಿದುಕೊಂಡಾಗ, ಗ್ಲೌಸಿನ ಮೇಲಿಂದಲೇ ಆಗಲಿ, ಹೊರಗಿನವರೊಬ್ಬರು ನನ್ನನ್ನು ಮುಟ್ಟಿ ಎಷ್ಟು ಕಾಲವಾಯಿತಪ್ಪ ಅನಿಸಿತು.

"ಈಗ ಒಂದ್ಸಲ ರಕ್ತ, ಕೆಲವು ತಿಂಗಳು ಬಿಟ್ಟು ಇನ್ನೊಂದ್ಸಲ," ಎಂದಳು. "ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೇನೇ ನಮಗೆ ಗೊತ್ತಾಗೋದು. ಎರಡನೇದು ಸಿಗದಿದ್ರೆ ಮೊದಲನೇದು ದಂಡ."

"ನಮ್ಮಲ್ಲಿ ಏನಾದ್ರೂ ಸಿಕ್ಕಿದ್ರೆ ಹೇಳ್ತೀರಾ?" ನಾದಿನಿ ಕೇಳಿದಳು.

"ನೋಡೋಣ ಅಕ್ಕಾ," ಎಂದು ಡಾಕ್ಟ್ರಮ್ಮ ಅವಳ ತೋಳಿಗೆ ರಬ್ಬರ್ ಪಟ್ಟಿ ಬಿಗಿದಳು. ರಕ್ತ ಕೊಟ್ಟವರಿಗೆಲ್ಲ ಒಂದು ಬಾಳೆಹಣ್ಣು, ಒಂದು ಬಿಸ್ಕತ್ತಿನ ಪೊಟ್ಟಣ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ದಿನಾ ಬೆಳಿಗ್ಗೆ ಮಾಂಸ ನೋಡುವ ಸಾಹೇಬರು ಬರುತ್ತಾರೆ. ಕೊಕ್ಕೆಗೆ ನೇತುಹಾಕಿದ ಮಾಂಸದ ಸಾಲಿನ ಮುಂದೆ ಕೈ ಹಿಂದೆ ಕಟ್ಟಿಕೊಂಡು ನಡೆಯುತ್ತಾರೆ. ಚೆನ್ನಾಗಿದ್ದರೆ ಮಾತಿಲ್ಲ. ಕೆಟ್ಟದ್ದು ಕಂಡರೆ ಮಾತ್ರ ನಿಂತು, "ಇದನ್ನ ಇಳಿಸು" ಅನ್ನುತ್ತಾರೆ. ಅವರು ಬಾಯಿ ಬಿಟ್ಟರೆ ಕೆಟ್ಟದ್ದು, ಸುಮ್ಮನೆ ದಾಟಿದರೆ ಪಾಸು. ವರ್ಷಗಟ್ಟಲೆ ಅದನ್ನು ನೋಡಿದವರು ನಾವು. ಹಾಗಾಗಿ ರಕ್ತ ಕೊಟ್ಟು ವಾರಗಳಾದರೂ ಡಾಕ್ಟ್ರಮ್ಮನ ಕಡೆಯಿಂದ ಸುದ್ದಿ ಬಾರದಿದ್ದಾಗ ನಾವು ಯಾರೂ ಹೆದರಲಿಲ್ಲ. ಖುಷಿಪಟ್ಟೆವು.

ನಾದಿನಿಗೆ ಆಗ ಸಂಜೆ ಹೊತ್ತು ಮೈ ಬಿಸಿ, ಸೊಂಟ ನೋವು. ರಾತ್ರಿ ಬೆವತು ಹಾಸಿಗೆ ಒದ್ದೆ. ನಮ್ಮ ಕೆಲಸದಲ್ಲಿ ಸೊಂಟ ನೋಯದೆ ಇರುತ್ತದೆಯೇ ಎಂದು ಅವಳೇ ತಳ್ಳಿಹಾಕಿದಳು. ಒಂದು ದಿನ ಬಸ್ಸಿಳಿದು ನಡೆಯುವಾಗ ಮೆಲ್ಲಗೆ ಹೇಳಿದಳು.

"ಅತ್ತಿಗೆ, ಈ ಸಲ ನಿಂತಿದೆ ಅನ್ಸತ್ತೆ."

ಮದುವೆಯಾಗಿ ಎಷ್ಟೋ ವರ್ಷದ ಮೇಲೆ. ಅವಳ ಗಂಡ ಮಾಂಸದ ವ್ಯಾನು ಓಡಿಸುತ್ತಾನೆ, ಒಳ್ಳೆಯವನು, ಕಾದು ಕಾದು ಸಾಕಾಗಿದ್ದವನು. ನಾನು ರಸ್ತೆಯಲ್ಲೇ ಅವಳ ಗಲ್ಲ ಹಿಡಿದೆ.

"ಜ್ವರ ಬರ್ತಾ ಇರತ್ತಲ್ಲ, ಏನಾದ್ರೂ ತೊಂದ್ರೆನಾ?" ಎಂದಳು. "ಆಸ್ಪತ್ರೆಗೆ ಹೋಗಿ ತೋರಿಸ್ಲಾ?"

"ಯಾಕೇ? ರಕ್ತ ಪರೀಕ್ಷೆ ಆಗಿದೆಯಲ್ಲ. ಅಷ್ಟು ದೊಡ್ಡ ಡಾಕ್ಟ್ರು ನೋಡಿದಾರೆ. ಏನಾದ್ರೂ ಇದ್ದಿದ್ರೆ ಹೇಳ್ತಿರ್ಲಿಲ್ವಾ? ಸುಮ್ನಿದಾರೆ ಅಂದ್ರೆ ಪಾಸು ಕಣೇ."

ಅವಳು ನಂಬಿದಳು. ನಾನೂ ನಂಬಿಯೇ ಹೇಳಿದ್ದೆ.

ಅದಾಗಿ ಸ್ವಲ್ಪ ದಿನಕ್ಕೆ ಕೊಟ್ಟಿಗೆಯ ಮೇಕೆಗಳಲ್ಲಿ ಒಂದು ಹಿಂಡು ಕತ್ತಿಗೆ ಬಂತು. ಕಿವಿಯಲ್ಲಿ ಹಳದಿ ಬಿಲ್ಲೆ. ಹಾಲು ಕೊಡುವ ಮೇಕೆಗಳು, ಕೆಲವು ಗಬ್ಬದವು. ತಮ್ಮ ಕೊಟ್ಟಿಗೆಯ ಗಬ್ಬದ ಮೇಕೆಯನ್ನು ಯಜಮಾನರು ಪ್ರಾಣ ಹೋದರೂ ಕಡಿಸುವವರಲ್ಲ. ಕೇಳಿದರೆ, "ಹೇಳಿದಷ್ಟು ಮಾಡಿ, ಇವತ್ತೇ ಎಲ್ಲಾ ಮುಗೀಬೇಕು," ಎಂದರು. ಬಾನಿ ತುಂಬ ಗರ್ಭಚೀಲ. ನಾದಿನಿಯ ಕೈ ಸಣ್ಣದು, ಚುರುಕು, ಹಾಗಾಗಿ ಚೀಲ ಬಿಡಿಸುವುದು ಅವಳ ಪಾಲು. ಮೊಣಕೈವರೆಗೆ ಅದರಲ್ಲೇ ಇದ್ದಳು. ಒಂದು ಚೀಲ ಒಡೆದು ನೀರು ಮುಖಕ್ಕೆ ಹಾರಿತು. ತೋಳಿನಿಂದ ಒರೆಸಿಕೊಂಡು, "ಥೂ, ಹುಟ್ಟದೇ ಇರೋದೂ ನನ್ ಮುಖಕ್ಕೇ ಉಗೀತಲ್ಲ," ಎಂದು ನಕ್ಕಳು.

ವಾರ ಕಳೆದ ಮೇಲೆ ಅವಳ ಗರ್ಭ ಹೋಗಿದ್ದೂ ಆ ಬಾನಿಯ ಹತ್ತಿರವೇ. ಕೂತಿದ್ದವಳು ಎದ್ದಳು, ಮತ್ತೆ ಕೂತಳು. ಮುಖ ಬಿಳಿಚಿಕೊಂಡಿತ್ತು. ನಾನು ಕೆಳಗೆ ನೋಡಿದೆ, ನನಗೇನೂ ಗೊತ್ತಾಗಲಿಲ್ಲ. ಅಲ್ಲಿ ನೆಲವೆಲ್ಲ ರಕ್ತವೇ. ಯಾವುದು ಮೇಕೆಯದು, ಯಾವುದು ಹೆಂಗಸಿನದು ಎಂದು ಹೇಗೆ ತಿಳಿಯಬೇಕು? ಅವಳು ನನ್ನ ಕೈ ಹಿಡಿದು ಹಿಂಡಿದಾಗಲೇ ತಿಳಿದದ್ದು. ಎಲ್ಲವೂ ನೀರಿನ ಜೊತೆ ಮೋರಿಗೆ ಹರಿಯುತ್ತಿತ್ತು. ಬಿಲ್ಲೆಯಪ್ಪ ಅವತ್ತು ನೀರು ತೆಗೆದುಕೊಂಡು ಹೋಗಲು ಬಂದಿದ್ದ. ಮೋರಿಗೆ ಬಗ್ಗಿ ಬಾಟಲಿ ತುಂಬಿ, ಮುಚ್ಚಳ ತಿರುಗಿಸಿ, ಪೆಟ್ಟಿಗೆಯ ಐಸಿನಲ್ಲಿ ಜೋಪಾನವಾಗಿ ಇಟ್ಟ. ಅದರಲ್ಲಿ ನನ್ನ ನಾದಿನಿಯದೂ ಇತ್ತು. ಅವಳನ್ನು ಎತ್ತಿ ಆಟೋಗೆ ಕೂರಿಸಿದ್ದು ನಾವು ಹೆಂಗಸರೇ.

ಆಸ್ಪತ್ರೆಯಲ್ಲಿ ನರ್ಸಮ್ಮ ಮೂಗಿಗೆ ಕರವಸ್ತ್ರ ಹಿಡಿದು ಕಿಟಕಿ ತೆಗೆದಳು. "ಏನ್ ವಾಸನೆ ಇದು! ಇಂಥ ಗಲೀಜಲ್ಲಿ ಬಿದ್ದು ಒದ್ದಾಡಿದ್ರೆ ಮಗು ಹೇಗೆ ನಿಲ್ಲತ್ತೆ?"

"ತಪ್ಪಾಯ್ತಮ್ಮ," ಎಂದೆ ನಾನು. "ಕೆಲಸದಿಂದ ಸೀದಾ ಬಂದ್ವಿ. ಕೈಕಾಲು ತೊಳ್ಕೊಳೋಕೂ ಆಗ್ಲಿಲ್ಲ."

ನನ್ನ ನಾದಿನಿ ಮಂಚದ ಮೇಲೆ ರಕ್ತ ಸುರಿಸುತ್ತಿದ್ದಾಗ ನಾನು ವಾಸನೆಗೆ ಕ್ಷಮೆ ಕೇಳಿದೆ. ಈಗಲೂ ಅದು ನೆನಪಾದರೆ ನಾಲಿಗೆ ಕಚ್ಚಿಕೊಳ್ಳುತ್ತೇನೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ನರ್ಸಮ್ಮ ಹೋದ ಮೇಲೆ, "ನಾನೂ ಕಂದು ಹಾಕ್ದೆ ಅತ್ತಿಗೆ," ಎಂದಳು.

ಕಂದು ಹಾಕುವುದು ಎಂದು ನಾವು ಹೇಳುವುದು ದನಕ್ಕೆ, ಮೇಕೆಗೆ. ದಿನ ತುಂಬುವ ಮೊದಲೇ ಮರಿ ಬಿದ್ದುಹೋದರೆ. ಹೆಂಗಸರಿಗೆ ಆ ಮಾತು ಹೇಳುವುದಿಲ್ಲ. ನಾನು ಅವಳ ಬಾಯಿ ಮುಚ್ಚಿದೆ.

ಅವಳಿಗೆ ಒಂದು ವಾರ ರಜೆ ಕೇಳಲು ಯಜಮಾನರ ಕೋಣೆಗೆ ಹೋದೆ. ಅವರು ಟೀ ಕುಡಿಯುತ್ತಿದ್ದರು. ನಾನು ಬಾಗಿಲಾಚೆಯೇ ನಿಂತು ಹೇಳಿದೆ. ಅವರಿಗೂ ಪಾಪ ಅನಿಸಿತು ಎಂದು ಕಾಣುತ್ತದೆ, ಲೊಚ್‌ಗುಟ್ಟಿದರು.

"ಕಾಲವೇ ಕೆಟ್ಟಿದೆ ಕಣಮ್ಮ. ನನ್ನ ಮೇಕೆಗಳದ್ದೂ ಅದೇ ಗೋಳು. ಆ ಡಾಕ್ಟ್ರಮ್ಮ ಫೋನ್ ಮಾಡಿ, ಇಂತಿಂಥ ಬಿಲ್ಲೆಯವಕ್ಕೆ ಕಂದು ಹಾಕೋ ರೋಗ ಇದೆ, ಬೇರೆ ಮಾಡಿ, ಹಾಲು ಕುಡೀಬೇಡಿ ಅಂದ್ಲು. ಇಟ್ಕೊಂಡು ಏನ್ ಮಾಡ್ಲಿ? ಕಡಿಸಿ ಹಾಕ್ದೆ. ಮೋರಿಲೂ ರೋಗ ಇದೆ ಅಂತ ಪುರಸಭೆಗೆ ಹೇಳಿದಾರಂತೆ. ಅದಕ್ಕೇ ಅವರು ಪೌಡರ್ ಹಾಕ್ತಿರೋದು."

ಮೋರಿಯ ಅಂಚಿಗೆ ಬಿಳಿ ಪುಡಿ ಸುರಿದದ್ದನ್ನು ನಾನು ದಿನಾ ನೋಡುತ್ತಿದ್ದೆ. ಯಾಕೆಂದು ಕೇಳಿರಲಿಲ್ಲ.

"ಯಾವಾಗ ಫೋನ್ ಮಾಡಿದ್ದು ಯಜಮಾನ್ರೇ?"

"ಅದೇ, ಬಿಲ್ಲೆ ಮೇಕೆ ಕಡಿದ್ರಲ್ಲ, ಅದರ ಹಿಂದಿನ ದಿನ."

ನಾನು ಬಾಗಿಲಲ್ಲೇ ನಿಂತಿದ್ದೆ. ಮೇಕೆಗೆ ಹೇಳಿದರು. ಮೋರಿಗೂ ಹೇಳಿದರು. ನಮ್ಮ ರಕ್ತವೂ ಅದೇ ಪೆಟ್ಟಿಗೆಯಲ್ಲಿ, ಅದೇ ಐಸಿನಲ್ಲಿ ಹೋಗಿತ್ತು. ನಮಗೆ ಬಾಳೆಹಣ್ಣು ಕೊಟ್ಟು ಕಳಿಸಿದರು. ಸಿಟ್ಟಿಗಿಂತ ಮೊದಲು ಬಂದದ್ದು ನಾಚಿಕೆ. ಅಕ್ಕಾ ಎಂದು ಕರೆದದ್ದಕ್ಕೆ ಉಬ್ಬಿದ್ದೆನಲ್ಲ. ಆ ಒಂದು ಮಾತಿಗೆ ಮೈಮರೆತು ಎಲ್ಲರ ತೋಳನ್ನೂ ಸಾಲಾಗಿ ಕೊಡಿಸಿದ್ದೆನಲ್ಲ.

ನಾದಿನಿ ಮತ್ತೆ ಬಾನಿಗೆ ಬಂದಳು. ಬಸ್ಸಿನಲ್ಲಿ ಕಾಲು ಚಾಚುವುದನ್ನು ಬಿಟ್ಟಿದ್ದಳು. ಯಜಮಾನರು ಹೇಳಿದ್ದನ್ನು ನಾನು ಅವಳಿಗೂ, ಉಳಿದವರಿಗೂ ಹೇಳಿದೆ. ಎಲ್ಲರೂ ತಮ್ಮ ತಮ್ಮ ಕೈ ನೋಡಿಕೊಂಡರು.

ಎರಡನೇ ರಕ್ತದ ದಿನ ಬಂತು. ಅದೇ ಡಾಕ್ಟ್ರಮ್ಮ, ಅದೇ ಪೆಟ್ಟಿಗೆ. ಮೇಜಿನ ಮೇಲೆ ಟ್ಯೂಬುಗಳು, ಪಕ್ಕದಲ್ಲಿ ಬಾಳೆಹಣ್ಣಿನ ಗೊನೆ. ಬಿಲ್ಲೆಯಪ್ಪ ಹೊಸ ಮೇಕೆಗಳಿಗೆ ಹೊಡೆಯಲು ಇಕ್ಕಳ, ಬಿಲ್ಲೆ ತೆಗೆದಿಟ್ಟುಕೊಳ್ಳುತ್ತಿದ್ದ.

"ಚೆನ್ನಾಗಿದೀರಾ ಅಕ್ಕಾ? ಬನ್ನಿ, ಮೊದಲು ನೀವೇ."

ನಾನು ಕೂತೆ. ತೋಳು ಮಡಚಿಕೊಂಡೇ ಇದ್ದೆ.

"ಮೊದಲನೇ ರಕ್ತದಲ್ಲಿ ಏನಿತ್ತು ಡಾಕ್ಟ್ರಮ್ಮ?"

ಅವಳ ಕೈ ನಿಂತಿತು. "ಅದು... ಸಂಶೋಧನೆಗೆ ತಗೊಂಡಿದ್ದು ಅಕ್ಕಾ. ಯಾರದ್ದು ಏನು ಅಂತ ಹೇಳೋ ಹಾಗಿಲ್ಲ. ನಿಯಮ ಹಾಗಿದೆ. ನಿಮ್ಮ ಗುಟ್ಟು ಕಾಪಾಡೋಕೇ ಮಾಡಿರೋದು."

"ಯಾರಿಂದ ಕಾಪಾಡೋಕೆ? ನನ್ ರಕ್ತದ ಗುಟ್ಟು ನನ್ನಿಂದ್ಲೇ ಮುಚ್ಚಿಡೋದಾ?"

"ಹಾಗಲ್ಲ ಅಕ್ಕಾ. ಹೇಳ್ಬೇಕು ಅಂದ್ರೆ ಸಮಿತಿ ಒಪ್ಪಬೇಕು. ನಾನು ಕೇಳಿದೀನಿ. ಇನ್ನೂ ಉತ್ತರ ಬಂದಿಲ್ಲ."

"ಮೇಕೆದು ಯಾವ ಸಮಿತಿ ಒಪ್ತು?"

ಬಿಲ್ಲೆಯಪ್ಪ ಮಧ್ಯೆ ಬಾಯಿ ಹಾಕಿದ. "ಮೇಕೆಗೆ ಮಾಲೀಕರು ಇದಾರಮ್ಮ. ಅವರಿಗೆ ಹೇಳ್ಲೇಬೇಕಾಗತ್ತೆ. ಬಿಲ್ಲೆ ನಂಬರ್ ಇರತ್ತೆ, ಹೇಳೋದು ಸುಲಭ."

ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ನಾನು ಕುರ್ಚಿಯನ್ನು ಅವನ ಕಡೆ ತಿರುಗಿಸಿದೆ. ಕೂದಲು ಹಿಂದಕ್ಕೆ ಸರಿಸಿ, ಕಿವಿಯನ್ನು ಎರಡು ಬೆರಳಲ್ಲಿ ಹಿಡಿದು ಅವನ ಇಕ್ಕಳದ ಮುಂದೆ ಚಾಚಿದೆ.

"ಹೊಡಿ."

"ಅಯ್ಯೋ, ಏನಮ್ಮ ಇದು!"

"ಹೊಡಿ ಅಂದೆ. ಒಂದು ಹಳದಿ ಬಿಲ್ಲೆ ಹೊಡಿ. ಆಮೇಲಾದ್ರೂ ಹೇಳ್ತೀರಲ್ಲ."

ಅವನು ಇಕ್ಕಳವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ. ನಾನು ಕಿವಿ ಬಿಡಲಿಲ್ಲ. ಎಲ್ಲರ ಮುಂದೆ ಹಾಗೆ ಕತ್ತು ವಾಲಿಸಿಕೊಂಡು ಕೂತಿದ್ದಕ್ಕೆ ಮೈಯೆಲ್ಲ ಹಿಡಿಯಾಗಿ ಹೋಯಿತು. ಆದರೂ ಬಿಡಲಿಲ್ಲ. ಹಿಂದಿನಿಂದ ನಾದಿನಿ ಬಂದು ನನ್ನ ಕುರ್ಚಿಯ ಪಕ್ಕ ನಿಂತಳು. ಅವಳೂ ಕೂದಲು ಸರಿಸಿ ಕಿವಿ ಹಿಡಿದಳು. ಅವಳ ಹಿಂದೆ ಇನ್ನೊಬ್ಬಳು. ಸಾಲಿನಲ್ಲಿ ನಿಂತ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಕಿವಿ ಹಿಡಿದರು. ಕತ್ತಿ ಹಿಡಿದ ಗಂಡಸರು ಕೆಲಸ ನಿಲ್ಲಿಸಿ ನೋಡಿದರು. ಯಾರೂ ನಗಲಿಲ್ಲ.

ಡಾಕ್ಟ್ರಮ್ಮನ ಕತ್ತಿನಿಂದ ಹಣೆಯವರೆಗೆ ಕೆಂಪೇರಿತು. ಮೇಜಿನ ತುದಿ ಹಿಡಿದುಕೊಂಡಳು.

"ಕೈ ಇಳಿಸಿ ಅಕ್ಕಾ. ದಯವಿಟ್ಟು ಇಳಿಸಿ. ಹೇಳ್ತೀನಿ."

"ಮೇಡಂ, ಬೇಡ," ಎಂದ ಬಿಲ್ಲೆಯಪ್ಪ.

"ನನಗೆ ಎಲ್ಲಾ ಬಾಯಿಪಾಠ ಇದೆ," ಎಂದಳು ಅವಳು, ಅವನಿಗಲ್ಲ, ನನಗೆ. "ದಿನಾ ನಿಮ್ಮ ಮುಖಗಳೇ ಕಣ್ಣ ಮುಂದೆ ಬರ್ತಿದ್ವು." ಆಮೇಲೆ ಬಗ್ಗಿ ನನ್ನ ಕಿವಿಯ ಹತ್ತಿರ ಹೇಳಿದಳು. "ನಿಮಗಿಲ್ಲ ಅಕ್ಕಾ. ನಿಮ್ಮದರಲ್ಲಿ ಏನೂ ಇರ್ಲಿಲ್ಲ."

ಉಸಿರು ಸಡಿಲವಾಯಿತು. ಎದೆಯ ಮೇಲಿನ ಕಲ್ಲು ಜಾರಿ ಕೆಳಗಿಳಿದಂತೆ. ಸದ್ಯ, ನಾನು ಪಾಸು. ಅದು ಮುಖದಲ್ಲಿ ಕಂಡಿರಬೇಕು. ತಲೆ ಎತ್ತಿದರೆ ನಾದಿನಿ ನನ್ನ ಮುಖವನ್ನೇ ನೋಡುತ್ತಿದ್ದಳು. ಎಲ್ಲವನ್ನೂ ನೋಡಿದ್ದಳು. ನನ್ನ ಕೈ ಇನ್ನೂ ಕಿವಿಯ ಮೇಲೇ ಇತ್ತು.

"ನಂದು?" ಎಂದಳು ಅವಳು.

ಡಾಕ್ಟ್ರಮ್ಮ ಸುಮ್ಮನಿದ್ದಳು. ಸುಮ್ಮನಿದ್ದರೆ ಪಾಸು ಎಂದು ನಾನೇ ಹೇಳಿಕೊಟ್ಟಿದ್ದೆ.

"ಬಾಯಿ ಬಿಟ್ಟು ಹೇಳಿ ಡಾಕ್ಟ್ರಮ್ಮ. ಮೇಕೆಗೆ ಹೇಳಿದ ಹಾಗೇ ಹೇಳಿ."

"ಇದೆ."

"ಯಾವಾಗಿಂದ?"

"ಮೊದಲನೇ ರಕ್ತದಲ್ಲೇ ಇತ್ತು."

"ಅದಕ್ಕೇ ಹೋಯ್ತಾ ನನ್ ಮಗು?"

"ಅದರಿಂದ್ಲೇ ಅಂತ ಹೇಳೋಕಾಗಲ್ಲ." ಅವಳು ರಬ್ಬರ್ ಪಟ್ಟಿಯನ್ನು ಸುತ್ತಿ ಪಕ್ಕಕ್ಕಿಟ್ಟಳು. "ಆಗಿರಬಹುದು."

"ಮಾತ್ರೆ ಇದೆಯಾ ಇದಕ್ಕೆ?"

"ಇದೆ. ವಾರಗಟ್ಟಲೆ ಬಿಡದೆ ತಗೋಬೇಕು. ವಾಸಿ ಆಗತ್ತೆ."

ವಾಸಿ ಆಗುತ್ತದಂತೆ. ಮಾತ್ರೆ ಇತ್ತಂತೆ. ಮಗು ಹೊಟ್ಟೆಯಲ್ಲಿರುವಾಗಲೇ ಅವಳಿಗೆ ರೋಗ ಇದೆ ಎಂದು ಇವರಿಗೆ ಗೊತ್ತಿತ್ತು. ನಾದಿನಿ ಅಳಲಿಲ್ಲ. ಮಡಚಿದ್ದ ತೋಳಿನ ಬಟ್ಟೆಯನ್ನು ಬಿಡಿಸಿ ಮುಂಗೈವರೆಗೂ ಎಳೆದುಕೊಂಡು ಗುಂಡಿ ಹಾಕಿದಳು.

"ಮೊದಲು ಎಲ್ಲರದ್ದೂ ಅವರವರಿಗೆ ಹೇಳಿ. ರೋಗ ಇದ್ದೋರಿಗೆಲ್ಲ ಮಾತ್ರೆ ತನ್ನಿ. ಆಮೇಲೆ ರಕ್ತ."

"ಮಾತ್ರೆಗೆ ನಾನು ಮೇಲಿನವರನ್ನ ಕೇಳ್ಬೇಕು..."

"ಕೇಳ್ಕೊಂಡು ಬನ್ನಿ. ರಕ್ತ ಎಲ್ಲಿ ಓಡಿಹೋಗತ್ತೆ? ನಮ್ ಮೈಯಲ್ಲೇ ಇರತ್ತೆ."

ಸಾಲಿನಲ್ಲಿದ್ದ ತೋಳುಗಳೆಲ್ಲ ಮುಚ್ಚಿಕೊಂಡವು. ಡಾಕ್ಟ್ರಮ್ಮ ಒಬ್ಬೊಬ್ಬರನ್ನೇ ಗೋಡೆಯ ಪಕ್ಕಕ್ಕೆ ಕರೆದು ಹೇಳಿದಳು. ಕೆಲವರು ತಲೆ ಎತ್ತಿಕೊಂಡು ಬಂದರು, ಕೆಲವರು ತಗ್ಗಿಸಿಕೊಂಡು. ಎಲ್ಲ ಮುಗಿದ ಮೇಲೆ ಅವಳು ಖಾಲಿ ಟ್ಯೂಬುಗಳನ್ನು ಪೆಟ್ಟಿಗೆಗೆ ತುಂಬಿಕೊಂಡು ಹೊರಟಳು. ಗೇಟಿನ ಹತ್ತಿರ ಕರವಸ್ತ್ರವನ್ನು ಮುಖಕ್ಕೆ ಒತ್ತಿಕೊಂಡಳು. ಕಣ್ಣು ಒರೆಸಿಕೊಂಡಳೋ, ಮೂಗು ಮುಚ್ಚಿಕೊಂಡಳೋ ನನಗೆ ಕಾಣಲಿಲ್ಲ. ಬಾಳೆಹಣ್ಣಿನ ಗೊನೆ ಮೇಜಿನ ಮೇಲೇ ಉಳಿಯಿತು. ಯಾರೂ ಮುಟ್ಟಲಿಲ್ಲ.

"ಆಯ್ತಲ್ಲ ನಾಟಕ? ಹೋಗಿ, ಕೆಲಸ ನೋಡಿ," ಎಂದು ಯಜಮಾನರು ಕೋಣೆಯ ಬಾಗಿಲಿಂದ ಕೂಗಿದರು.

ಬಾನಿ ತುಂಬಿ ಕಾದಿತ್ತು. ನಾನು ಈ ಕಡೆ ಕೂತೆ, ನಾದಿನಿ ಆ ಕಡೆ. ಮೇಲೆಯೇ ಒಂದು ಗರ್ಭಚೀಲ ಬಿದ್ದಿತ್ತು. ಅವಳಿಗೆ ಮುಟ್ಟಲು ಬಿಡಬಾರದು ಎಂದು ನಾನು ಕೈ ಚಾಚಿದೆ. ಅವಳು ನನ್ನ ಮಣಿಕಟ್ಟನ್ನು ತಳ್ಳಿದಳು.

"ನೀವು ಮುಟ್ಬೇಡಿ ಅತ್ತಿಗೆ. ನಿಮಗಿಲ್ವಲ್ಲ."

ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೇ ಹೇಳಿದಳು. ನನ್ನ ಕೈ ತಾನಾಗಿ ಹಿಂದೆ ಸರಿಯಿತು. ನಾನು ಹೇಳದೆಯೇ ಸರಿಯಿತು. ಅಂಗಡಿಯವನು, ಬಸ್ಸಿನವರು, ನರ್ಸಮ್ಮ ಇಷ್ಟು ವರ್ಷ ನಮ್ಮಿಂದ ಹೇಗೆ ಸರಿದಿದ್ದರೋ ಹಾಗೆಯೇ ಸರಿಯಿತು. ಅದನ್ನು ನೋಡಿ ನನಗೆ ಆದ ನಾಚಿಕೆ ಹಿಂದೆ ಯಾವತ್ತೂ ಆಗಿರಲಿಲ್ಲ.

ನಾನು ಎದ್ದೆ. ಬಾನಿಯ ಒಂದು ಕಿವಿ ಹಿಡಿದು, "ಆ ಕಡೆ ಹಿಡಿ," ಎಂದೆ.

"ಎಲ್ಲಿಗೆ?"

"ಹಿಡಿ."

ಅವಳು ಹಿಡಿದಳು. ತುಂಬಿದ ಬಾನಿ, ಭಾರ ಹೆಚ್ಚು. ನೀರು ತುಳುಕಿ ಇಬ್ಬರ ಕಾಲೂ ನೆನೆದವು. ಅಂಗಳ ದಾಟಿ ಯಜಮಾನರ ಕೋಣೆಯವರೆಗೆ ಹೊತ್ತೆವು. ನಾನು ಆವರೆಗೆ ಒಳಗೆ ಕಾಲಿಟ್ಟವಳಲ್ಲ. ಅವತ್ತು ಹೊಸ್ತಿಲು ದಾಟಿ, ಅವರ ಟೀ ಲೋಟ ಇದ್ದ ಮೇಜಿನ ಮುಂದೆ ಬಾನಿ ಇಳಿಸಿದೆವು.

"ಗ್ಲೌಸು ಬರೋವರೆಗೂ ಇದು ಇಲ್ಲೇ ಇರ್ಲಿ. ಇವಳಿಗೆ ಮಾತ್ರೆ ಬರೋವರೆಗೂ ಇರ್ಲಿ. ಅರ್ಜೆಂಟ್ ಇದ್ರೆ ನೀವೇ ತೊಳ್ಕೊಳಿ."

ಯಜಮಾನರು ಕುರ್ಚಿ ಹಿಂದಕ್ಕೆ ಎಳೆದುಕೊಂಡು ಮೂಗು ಮುಚ್ಚಿದರು. ನಾವು ತಿರುಗಿ ಬಂದೆವು. ಉಳಿದ ಹೆಂಗಸರೂ ತಮ್ಮ ತಮ್ಮ ಬಾನಿ ಬಿಟ್ಟು ಎದ್ದಿದ್ದರು.

ಬಸ್ಸಿನಲ್ಲಿ ಎಂದಿನಂತೆ ಸುತ್ತಲಿನ ಸೀಟು ಖಾಲಿ. ನಾದಿನಿ ಮೊದಲು ಹತ್ತಿ ಕಿಟಕಿಯ ಪಕ್ಕ ಕೂತಳು. ಅವಳ ಪಕ್ಕದಲ್ಲಿ ಜಾಗವಿತ್ತು. ಕೂರಲೋ ಬೇಡವೋ ಎಂದು ನಾನು ಕಂಬಿ ಹಿಡಿದು ನಿಂತೇ ಇದ್ದೆ. ನನ್ನ ಮುಖವನ್ನು ಅವಳು ಮತ್ತೆ ನೋಡುತ್ತಾಳೆಂದು ಹೆದರಿಕೆಯಾಗಿತ್ತು. ಎರಡು ನಿಲ್ದಾಣ ಕಳೆದ ಮೇಲೆ ಅವಳು ಆಚೆ ನೋಡುತ್ತಲೇ ಕೇಳಿದಳು.

"ಯಾಕೆ ಅತ್ತಿಗೆ, ನೀವೂ ನಿಂತೇ ಬರ್ತೀರಾ?"